ಕಿರುಬೆರಳಿನಲ್ಲಿ ಉಳಿದ ರೋಗ

ಬೀದರ ಜಿಲ್ಲೆಯ ಹುಮನಾಬಾದಿಗೆ ಹಿಂದೆ ಜಯಸಿಂಹನಗರವೆಂಬ ಹೆಸರಿತ್ತೆಂದು ಆ ಸೀಮೆಯ ಜನ ಹೇಳುತ್ತಾರೆ. ಅಲ್ಲಿಂದ ಪಶ್ಚಿಮಕ್ಕೆ ಸಾಗಿದರೆ ಬಸವಕಲ್ಯಾಣ. ಕಲ್ಯಾಣವೆಂದೊಡನೆ ಹನ್ನೆರಡನೆಯ ಶತಮಾನದ ಶರಣರ ನೆನಪಾಗುವುದು ಸಹಜ. ಅದಕ್ಕೂ ನೂರು ವರ್ಷಗಳಷ್ಟು ಮೊದಲು, ಕಲ್ಯಾಣ ಚಾಲುಕ್ಯರ ವಂಶದ ಇಮ್ಮಡಿ ಜಯಸಿಂಹನು ಈ ನಾಡನ್ನು ಆಳುತ್ತಿದ್ದ ಕಾಲದಲ್ಲಿ, ಅವನ ಮನ್ನಣೆಗೆ ಪಾತ್ರರಾಗಿದ್ದ ಒಬ್ಬ ದಿಗಂಬರ ಆಚಾರ್ಯರಿದ್ದರು. ಅವರೇ ವಾದಿರಾಜಸೂರಿಗಳು. ಸೋದೆಯ ಮಾಧ್ವ ಯತಿಗಳಾದ ವಾದಿರಾಜತೀರ್ಥರು ಇವರಿಗಿಂತ ಸುಮಾರು ಐದು ಶತಮಾನ ಈಚಿನವರು. ಹೆಸರೊಂದೇ ಆದುದರಿಂದ ಎಷ್ಟೋ ಜನ ಇಬ್ಬರನ್ನೂ ಒಬ್ಬರೆಂದು ಭಾವಿಸುವುದುಂಟು.

ವಾದಿರಾಜರು ದ್ರಾವಿಡ ಸಂಘದ ಅರುಂಗಳಾನ್ವಯಕ್ಕೆ ಸೇರಿದವರು. ಮತಿಸಾಗರರು ಅವರ ಗುರುಗಳು, ಶ್ರೀಪಾಲದೇವರು ಗುರುಗಳ ಗುರುಗಳು. ರೂಪಸಿದ್ಧಿಯೆಂಬ ವ್ಯಾಕರಣ ಗ್ರಂಥವನ್ನು ಬರೆದ ದಯಾಪಾಲರು ಅವರ ಸಹಪಾಠಿಗಳು. ಶಕವರ್ಷ 947ರಲ್ಲಿ, ಎಂದರೆ ಕ್ರಿ.ಶ. 1025ರಲ್ಲಿ, ಅವರು ಪಾರ್ಶ್ವನಾಥಚರಿತವನ್ನು ರಚಿಸಿ ಮುಗಿಸಿದರು. ಅಕಲಂಕದೇವರ ನ್ಯಾಯವಿನಿಶ್ಚಯಕ್ಕೆ ಅವರು ಬರೆದ ವಿವರಣೆ ಜೈನ ತರ್ಕಶಾಸ್ತ್ರದ ದೊಡ್ಡ ಗ್ರಂಥಗಳಲ್ಲಿ ಒಂದು. ಅವರ ಸಂಸ್ಕೃತ ಯಶೋಧರಚರಿತವೇ ಮುಂದೆ 1209ರಲ್ಲಿ ಜನ್ನನ ಕೈಯಲ್ಲಿ ಕನ್ನಡದ ಯಶೋಧರಚರಿತೆಯಾಗಿ ಮೈದಳೆಯಿತು. ಷಟ್ತರ್ಕಷಣ್ಮುಖ, ಸ್ಯಾದ್ವಾದವಿದ್ಯಾಪತಿ ಎಂಬ ಬಿರುದುಗಳ ಜೊತೆಗೆ ಜಗದೇಕಮಲ್ಲವಾದಿ ಎಂಬುದೂ ಅವರದು. ಜಗದೇಕಮಲ್ಲನೆಂಬುದು ಜಯಸಿಂಹನ ಬಿರುದು; ಅರಸನ ಹೆಸರನ್ನೇ ಹೊತ್ತ ವಾದಿ ಅವರಾಗಿದ್ದರು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ 1129ರ ಮಲ್ಲಿಷೇಣ ಪ್ರಶಸ್ತಿಯೆಂಬ ಶಾಸನವಿದೆ. ಅದು ಹಲವು ಆಚಾರ್ಯರನ್ನು ಸ್ಮರಿಸುತ್ತ, ಚಾಲುಕ್ಯ ಚಕ್ರವರ್ತಿಯ ರಾಜಧಾನಿಯಲ್ಲಿ ಮೊಳಗಿದ ವಾದಿರಾಜರ ಜಯಘೋಷವನ್ನೂ ಕೊಂಡಾಡುತ್ತದೆ.

ಶಾಸನಗಳು ಕಂಡದ್ದು ಅವರ ಗೆಲುವನ್ನು. ಭಕ್ತರ ಪರಂಪರೆ ಕಾಪಿಟ್ಟುಕೊಂಡು ಬಂದದ್ದು ಅವರ ರೋಗದ ಕಥೆಯನ್ನು.

ಪರಂಪರೆಯ ಪ್ರಕಾರ ವಾದಿರಾಜರ ಮೈಗೆ ಕುಷ್ಠ ತಗುಲಿತು. ಪ್ರಾಚೀನ ವೈದ್ಯಗ್ರಂಥಗಳಲ್ಲಿ ಕುಷ್ಠವೆಂಬುದು ಒಂದೇ ರೋಗದ ಹೆಸರಲ್ಲ. ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠವೆಂದು ಹದಿನೆಂಟು ಬಗೆಯ ಚರ್ಮರೋಗಗಳನ್ನು ಆ ಹೆಸರಿನಡಿ ಸೇರಿಸಿದ್ದಾರೆ. ಆಚಾರ್ಯರಿಗೆ ಬಂದದ್ದು ಯಾವುದೇ ಆಗಿರಲಿ, ಕಂಡವರು ಮುಖ ತಿರುಗಿಸುವಂಥ ರೋಗವದು. ಗೃಹಸ್ಥನಾದರೆ ಹೊದೆದು ಮುಚ್ಚಿಕೊಳ್ಳಬಹುದು, ಮನೆಯ ಒಳಕೋಣೆಯಲ್ಲಿ ಉಳಿಯಬಹುದು. ದಿಕ್ಕುಗಳನ್ನೇ ಬಟ್ಟೆಯಾಗಿ ಉಟ್ಟವರಿಗೆ ಆ ಮರೆಯೂ ಇಲ್ಲ. ಸ್ನಾನವನ್ನು ತ್ಯಜಿಸಿದ ಮೈ, ನೆಲವೇ ಹಾಸಿಗೆ. ಆಹಾರಕ್ಕೆಂದು ದಿನಕ್ಕೊಮ್ಮೆ ಶ್ರಾವಕರ ಮನೆಯ ಮುಂದೆ ನಿಲ್ಲಲೇಬೇಕು. ನಿಂತೇ, ಎರಡು ಅಂಗೈಗಳನ್ನು ಜೋಡಿಸಿ, ಬೆರಳುಗಳನ್ನು ಹೆಣೆದು, ಆ ಬೊಗಸೆಯಲ್ಲಿ ಬಿದ್ದುದನ್ನು ಉಣ್ಣಬೇಕು. ಮುನಿಗೆ ಕೈಯೇ ಬಟ್ಟಲು. ಬೆರಳುಗಳಿಗೆ ರೋಗ ಬಂದಾಗ ಬಿರುಕು ಬಿಡುವುದು ಆ ಬಟ್ಟಲೇ.

ಶಾಸ್ತ್ರವು ಇದನ್ನು ರೋಗಪರೀಷಹ ಎಂದು ಕರೆಯುತ್ತದೆ. ಮುನಿಯು ಸಹಿಸಬೇಕಾದ ಇಪ್ಪತ್ತೆರಡು ಪರೀಷಹಗಳಲ್ಲಿ ಅದೂ ಒಂದು. ಸಹಿಸುವುದೆಂದರೆ ಹಲ್ಲು ಕಚ್ಚಿಕೊಂಡಿರುವುದಲ್ಲ. ಹಿಂದೆ ತಾನೇ ಕಟ್ಟಿಕೊಂಡ ಅಸಾತವೇದನೀಯ ಕರ್ಮವು ಈಗ ಫಲ ಕೊಡುತ್ತಿದೆಯೆಂದು ಅರಿತು, ಯಾರ ಮೇಲೂ ಮುನಿಸಿಲ್ಲದೆ ಸಮಭಾವದಲ್ಲಿ ಇರುವುದು. ಆದರೆ ಕರ್ಮದ ಈ ಮಾತನ್ನು ರೋಗಿಯು ತನಗೆ ತಾನು ಹೇಳಿಕೊಳ್ಳಬೇಕೇ ಹೊರತು ನೋಡುವವರು ರೋಗಿಗೆ ಹೇಳುವುದಲ್ಲ. ನೋಡುವವರಿಗೆ ಶಾಸ್ತ್ರ ವಿಧಿಸಿದ್ದು ಬೇರೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯೂ ಒಂದು. ವ್ರತಿಗಳ ರೋಗಗ್ರಸ್ತ ಮೈಯನ್ನು ಕಂಡು ಹೇಸದಿರುವುದೇ ಅದು. ಆ ಅಂಗಕ್ಕೆ ದೃಷ್ಟಾಂತವಾಗಿ ಹೇಳುವ ಉದ್ದಾಯನ ರಾಜನು, ಕುಷ್ಠರೋಗಿಯಾದ ಮುನಿ ತನ್ನ ಮೇಲೆಯೇ ವಾಂತಿ ಮಾಡಿದಾಗಲೂ ತನ್ನ ಕೈಯಿಂದಲೇ ತೊಳೆದು ಉಪಚರಿಸಿದನಂತೆ. ನಾಲ್ಕು ದಾನಗಳಲ್ಲಿ ಆಹಾರ, ಅಭಯ, ಶಾಸ್ತ್ರಗಳ ಜೊತೆಗೆ ಔಷಧವನ್ನೂ ಇಟ್ಟವರು ಜೈನರು. ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನೇ ಬರೆದರು. ಹಾಗಿರುವಾಗ ರೋಗಿಯನ್ನು ಪಾಪಿಯೆಂದು ಬೆರಳು ಮಾಡಿ ತೋರಿಸುವವನು ಎಷ್ಟೇ ಶಾಸ್ತ್ರ ಓದಿದ್ದರೂ ಮೊದಲ ಮೆಟ್ಟಿಲಲ್ಲೇ ಎಡವಿದಂತೆ.

ಜಯಸಿಂಹನ ಸಭೆಯಲ್ಲಿ ಆದದ್ದು ಅದೇ. ವಾದದಲ್ಲಿ ವಾದಿರಾಜರನ್ನು ಗೆಲ್ಲಲಾರದ ಯಾರೋ ಒಬ್ಬನಿಗೆ ಅವರ ಮೈಯ ಹುಣ್ಣು ಕಣ್ಣಿಗೆ ಬಿತ್ತು. ಅರಸನು ಇಷ್ಟೊಂದು ಗೌರವಿಸುವ ಗುರು ಕುಷ್ಠರೋಗಿಯೆಂದು ಅವನು ಸಭೆಯ ನಡುವೆ ಹಂಗಿಸಿದ. ಅಲ್ಲಿದ್ದ ಶ್ರಾವಕನೊಬ್ಬನಿಗೆ ಆ ಮಾತು ಸಹಿಸಲಾಗಲಿಲ್ಲ. ಗುರುಭಕ್ತಿಯ ಆವೇಗದಲ್ಲಿ, ತನ್ನ ಗುರುಗಳಿಗೆ ಅಂಥ ರೋಗವೇ ಇಲ್ಲವೆಂದು ಎದ್ದು ನುಡಿದುಬಿಟ್ಟ. ಮಾತಿಗೆ ಮಾತು ಬೆಳೆಯಿತು. ಮರುದಿನ ಬೆಳಗ್ಗೆ ತಾನೇ ಬಂದು ಕಣ್ಣಾರೆ ನೋಡುವುದಾಗಿ ಅರಸನು ಹೇಳಿದ.

ಸಭೆ ಮುಗಿದ ಮೇಲೆ ಶ್ರಾವಕನಿಗೆ ತಾನು ಮಾಡಿದ್ದೇನೆಂದು ತಿಳಿಯಿತು. ಅವನು ಆಡಿದ್ದು ಸುಳ್ಳು. ಗುರುವಿನ ಮಾನ ಉಳಿಸಲು ಹೊರಟವನು ಗುರುವಿನ ಸತ್ಯವ್ರತಕ್ಕೇ ಮಸಿ ಬಳಿಯುವಂತಾಗಿತ್ತು. ರೋಗಿಯ ಮನೆಯವರೂ ಬಂಧುಗಳೂ ಇಂದಿಗೂ ಹೀಗೆಯೇ ಮಾಡುತ್ತಾರೆ. ರೋಗವನ್ನು ಮುಚ್ಚಿಡುವುದೇ ಪ್ರೀತಿಯೆಂದು ಅವರಿಗೆ ತೋರುತ್ತದೆ; ರೋಗಿಯ ಪಾಲಿಗೆ ಹುಣ್ಣಿನ ಜೊತೆ ಆ ಸುಳ್ಳಿನ ಹೊರೆಯೂ ಸೇರುತ್ತದೆ. ಕುಷ್ಠಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ಹ್ಯಾನ್ಸೆನ್ ಕಂಡುಹಿಡಿದದ್ದು 1873ರಲ್ಲಿ. ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಆರು ತಿಂಗಳು ಅಥವಾ ಒಂದು ವರ್ಷದ ಮಾತ್ರೆಗಳಲ್ಲಿ ರೋಗ ವಾಸಿಯಾಗುತ್ತದೆ. ಬೇಗ ತೋರಿಸಿಕೊಂಡರೆ ಬೆರಳುಗಳೂ ಉಳಿಯುತ್ತವೆ. ಆದರೂ ಮಚ್ಚೆ ಕಂಡೊಡನೆ ಮುಚ್ಚಿಕೊಳ್ಳುವವರು, ಮದುವೆ ಕಾರ್ಯಗಳಿಗೆ ಅಡ್ಡಿಯಾದೀತೆಂದು ಮನೆಯವರನ್ನೇ ಅಡಗಿಸುವವರು ಈಗಲೂ ಇದ್ದಾರೆ. ಆಚಾರ್ಯರ ಕಥೆಯನ್ನು ಕೇಳಿ ಔಷಧವನ್ನು ಬಿಡುವವನು ಕಥೆಯನ್ನು ಅರ್ಧವೇ ಕೇಳಿದಂತೆ.

ಶ್ರಾವಕನು ರಾತ್ರಿಯೇ ಗುರುಗಳ ಬಳಿಗೆ ಓಡಿಬಂದು ಪಾದಕ್ಕೆ ಬಿದ್ದು ನಡೆದುದನ್ನೆಲ್ಲ ಅರುಹಿದ. ಆಚಾರ್ಯರು ಅವನನ್ನು ಗದರಿಸಲಿಲ್ಲ, ಹೊಗಳಲೂ ಇಲ್ಲ. ಅಭಯವಿತ್ತು ಕಳುಹಿಸಿ ಜಿನಧ್ಯಾನದಲ್ಲಿ ಕುಳಿತರು. ಆ ರಾತ್ರಿ ಅವರ ಬಾಯಿಂದ ಹೊಮ್ಮಿದ್ದೇ ಏಕೀಭಾವ ಸ್ತೋತ್ರ. ಭಕ್ತಾಮರ, ಕಲ್ಯಾಣಮಂದಿರ, ವಿಷಾಪಹಾರ, ಭೂಪಾಲ ಚತುರ್ವಿಂಶತಿಗಳ ಜೊತೆಗೆ ಅದು ಪಂಚಸ್ತೋತ್ರಗಳಲ್ಲಿ ಒಂದಾಗಿ ಇಂದಿಗೂ ಬಸದಿಗಳಲ್ಲಿ ಪಾರಾಯಣಗೊಳ್ಳುತ್ತಿದೆ. ಮಂದಾಕ್ರಾಂತ ಛಂದಸ್ಸಿನ ನಿಧಾನಗತಿ ಅದಕ್ಕೆ ಹೊಂದಿಕೊಂಡಿದೆ. ನೋವಿನಲ್ಲಿರುವವನು ಅವಸರವಿಲ್ಲದೆ ಹಾಡಿಕೊಳ್ಳುವಂತಿದೆ.

ಆ ಸ್ತೋತ್ರದಲ್ಲಿ ರೋಗವನ್ನು ಗುಣಪಡಿಸೆಂಬ ಬೇಡಿಕೆ ಇದೆಯೆಂದು ಹುಡುಕುವವರಿಗೆ ಬೇರೆಯದೇ ಸಿಗುತ್ತದೆ. ಭವಭವದಲ್ಲಿ ಆತ್ಮದೊಡನೆ ಒಂದಾಗಿ ಬೆರೆತುಹೋದ ಕರ್ಮವನ್ನೇ ಜಿನಭಕ್ತಿ ಗೆಲ್ಲಬಲ್ಲುದಾದರೆ, ಉಳಿದ ತಾಪಗಳ ಮಾತೇನು ಎಂಬ ಭಾವದಿಂದ ಅದು ತೊಡಗುತ್ತದೆ. ಸ್ತೋತ್ರದ ಹೆಸರು ಬಂದುದೂ ಆ ಬೆರೆತುಹೋಗುವಿಕೆಯಿಂದಲೇ. ಮುಂದೆ ದೇಹವನ್ನು ಹುತ್ತಕ್ಕೂ ರೋಗಗಳನ್ನು ಅದರಲ್ಲಿ ನೆಲೆಸಿದ ಹಾವುಗಳಿಗೂ ಕವಿ ಹೋಲಿಸುತ್ತಾರೆ. ಜಿನನು ಗರ್ಭಕ್ಕೆ ಇಳಿಯುವ ಮುನ್ನವೇ ಭೂಮಿ ಹೊನ್ನಾಯಿತು, ಧ್ಯಾನದ ಬಾಗಿಲಿನಿಂದ ಹೃದಯದ ಒಳಗೇ ಬಂದು ನೆಲೆಸಿದ ಮೇಲೆ ಈ ಮೈ ಹೊನ್ನಾದರೆ ಸೋಜಿಗವೇನು ಎಂಬ ಬೆರಗೂ ಅಲ್ಲಿದೆ. ಬೇಡುವುದಾದರೂ ಯಾರನ್ನು? ಜಿನನು ವೀತರಾಗ, ಒಲಿದು ಕೊಡುವವನಲ್ಲ, ಮುನಿದು ಕಸಿಯುವವನೂ ಅಲ್ಲ. ಭಕ್ತಿಯಲ್ಲಿ ಪರಿಣಾಮಗಳು ಶುದ್ಧವಾದಾಗ ಅಸಾತವೇದನೀಯವು ಸಾತವಾಗಿ ಸಂಕ್ರಮಿಸಬಹುದೆಂದು ಕರ್ಮಸಿದ್ಧಾಂತ ಹೇಳುತ್ತದೆ.

ಬೆಳಗಾಯಿತು. ಅರಸನು ಪರಿವಾರದೊಡನೆ ಬಂದ. ಹಂಗಿಸಿದವನೂ ಇದ್ದ, ಜೀವ ಕೈಯಲ್ಲಿ ಹಿಡಿದ ಶ್ರಾವಕನೂ ಇದ್ದ. ವಾದಿರಾಜರ ಮೈ ಹೊನ್ನಿನಂತೆ ಹೊಳೆಯುತ್ತಿತ್ತು. ಎಲ್ಲಿಯೂ ಹುಣ್ಣಿಲ್ಲ, ಕಲೆಯಿಲ್ಲ. ಅರಸನ ಕಣ್ಣು ಕೆಂಪಾಗಿ ದೂರು ಹೇಳಿದವನ ಕಡೆ ತಿರುಗಿತು. ಮಾನ್ಯ ಗುರುವಿನ ಮೇಲೆ ಸುಳ್ಳು ಹೊರಿಸಿದವನಿಗೆ ಎಂಥ ದಂಡನೆ ಕಾದಿದೆಯೆಂದು ಸಭೆಗೆಲ್ಲ ತಿಳಿದಿತ್ತು.

ಅಲ್ಲಿಗೆ ಕಥೆ ಮುಗಿದಿದ್ದರೆ ಅದು ನೂರಾರು ಪವಾಡಗಳಲ್ಲಿ ಒಂದಾಗುತ್ತಿತ್ತು. ವಾದಿರಾಜರು ಸುಮ್ಮನಿದ್ದಿದ್ದರೆ ಸಾಕಿತ್ತು: ತನ್ನ ಮಾನ ಉಳಿದಿತ್ತು, ಶಿಷ್ಯನ ಮಾತು ಉಳಿದಿತ್ತು, ಎದುರಾಳಿ ತಾನಾಗಿಯೇ ಅಳಿಯುತ್ತಿದ್ದ. ಆದರೆ ಅವರು ಅರಸನನ್ನು ತಡೆದು ಕೈಯನ್ನು ಮುಂದೆ ನೀಡಿದರು. ಕಿರುಬೆರಳಿನಲ್ಲಿ ರೋಗ ಇನ್ನೂ ಇತ್ತು. ದೂರು ಹೇಳಿದವನು ಸುಳ್ಳಾಡಿಲ್ಲ, ನಿನ್ನೆಯವರೆಗೆ ಈ ಮೈಯೆಲ್ಲ ಹೀಗೆಯೇ ಇತ್ತು ಎಂದು ಆ ಬೆರಳನ್ನೇ ಸಾಕ್ಷಿಯಾಗಿ ತೋರಿಸಿದರು. ತನ್ನನ್ನು ಹೀಯಾಳಿಸಿದವನ ಪರವಾಗಿ ಕ್ಷಮೆ ಕೇಳಿದರು. ಜನ್ಮಜನ್ಮಗಳಲ್ಲಿ ಕಮಠನು ಕೊಟ್ಟ ಉಪಸರ್ಗವನ್ನು ವೈರವಿಲ್ಲದೆ ಸಹಿಸಿದ ಪಾರ್ಶ್ವನಾಥರ ಚರಿತೆಯನ್ನು ಬರೆದ ಕೈ ಅದು.

ಕಥೆಯ ಈ ಕೊನೆಯ ಭಾಗವನ್ನು ಪ್ರವಚನಗಳಲ್ಲಿ ಕೆಲವೊಮ್ಮೆ ಅವಸರದಲ್ಲಿ ದಾಟಿಬಿಡುತ್ತಾರೆ. ಹೊನ್ನಿನ ಮೈ ಎಲ್ಲರಿಗೂ ನೆನಪಿರುತ್ತದೆ, ಬೆರಳು ಮರೆತುಹೋಗುತ್ತದೆ. ರೋಗದಿಂದ ಎದ್ದವರಿಗೆ ಮಾತ್ರ ಬೆರಳಿನ ಮಾತು ಬೇಗ ಅರ್ಥವಾಗುತ್ತದೆ. ಮೈಯೆಲ್ಲ ವಾಸಿಯಾದ ಮೇಲೂ ಎಲ್ಲೋ ಒಂದು ಕಡೆ ಗುರುತು ಉಳಿದಿರುತ್ತದೆ. ಒಂದು ಮಂಕು, ಒಂದು ಕುಂಟು, ಒಂದು ಕಲೆ. ಅದನ್ನು ಅಂಗೈಯೊಳಗೆ ಮಡಚಿಕೊಳ್ಳುವುದು ಸುಲಭ.

ಎಲ್ಲ ರೋಗವೂ ವಾಸಿಯಾಗುವಂಥದ್ದಲ್ಲ ಎಂಬುದನ್ನೂ ಜೈನ ಪರಂಪರೆ ಬಲ್ಲದು. ಬೆಳಗಾವಿ ಸೀಮೆಯ ಭೋಜದ ಆಚಾರ್ಯ ಶಾಂತಿಸಾಗರರು ಕಣ್ಣಿನ ಬೆಳಕು ಕುಂದಿ, ನೆಲ ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯನ್ನು ಪಾಲಿಸಲಾಗದಾದಾಗ ಮಹಾರಾಷ್ಟ್ರದ ಕುಂಥಲಗಿರಿಯಲ್ಲಿ ಸಲ್ಲೇಖನ ಸ್ವೀಕರಿಸಿ 1955ರ ಸೆಪ್ಟೆಂಬರ್ 18ರಂದು ದೇಹ ಬಿಟ್ಟರು. ಅವರು ಅಳಿಯುತ್ತಿದ್ದ ಕಣ್ಣನ್ನು ಮರೆಮಾಡಲಿಲ್ಲ. ವಾದಿರಾಜರು ಉಳಿದ ರೋಗವನ್ನು ಮರೆಮಾಡಲಿಲ್ಲ.

ಜಯಸಿಂಹನ ಮಗ ಸೋಮೇಶ್ವರನ ಕಾಲಕ್ಕೆ ಕಲ್ಯಾಣವು ರಾಜಧಾನಿಯಾಗಿ ಮೆರೆಯಿತು. ಅರಮನೆಗಳು ಎದ್ದವು, ಬಿದ್ದವು. ಹುಮನಾಬಾದಿನ ಬಳಿಯ ಜಲಸಂಗಿಯಲ್ಲಿ ಚಾಲುಕ್ಯರ ಶಿಲ್ಪಿ ಕಡೆದ ಶಾಸನಸುಂದರಿ ಇಂದಿಗೂ ವಿಕ್ರಮಾದಿತ್ಯನ ಕೀರ್ತಿಯನ್ನು ಕಲ್ಲಿನ ಮೇಲೆ ಬರೆಯುತ್ತ ನಿಂತಿದ್ದಾಳೆ. ವಾದಿರಾಜರು ಚಾಚಿದ ಕೈಯನ್ನು ಯಾವ ಶಿಲ್ಪಿಯೂ ಕಡೆದಂತೆ ಕಾಣದು. ಅಂದು ಜಯಸಿಂಹನು ಆ ಕೈಯನ್ನು ನೋಡಿ, ದೂರು ಹೇಳಿದವನನ್ನು ಬಿಟ್ಟುಬಿಡುವಂತೆ ಹೇಳಿ, ಗುರುಗಳಿಗೆ ವಂದಿಸಿ ಹಿಂದಿರುಗಿದನು.