ಚೀಲದಲ್ಲಿ ಉಳಿಸಿದ ಚಿತ್ರ

ಒಂಬತ್ತನೆಯ ತರಗತಿಗೆ ಯುರೋಪಿನ ಮತಸುಧಾರಣೆಯ ಪಾಠ ನನ್ನ ಪಾಲಿಗೆ ಬಂದಾಗ, ಚಿತ್ರಕಾರ ಹಾನ್ಸ್ ಹೋಲ್ಬೈನನ ಜೀವನವನ್ನೇ ಕಥೆಯಾಗಿ ಹೇಳಿ ಪೀಠಿಕೆ ಹಾಕೋಣವೆಂದುಕೊಂಡೆ. ಬೋಧನೋಪಕರಣವಾಗಿ ಅವನ ‘ಸಾವಿನ ಕುಣಿತ’ ಮಾಲಿಕೆಯ ಮೂರು ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿಕೊಂಡೆ. ತರಗತಿಗೆ ಹೋಗುವ ಮುನ್ನ ಒಂದನ್ನು ಚೀಲದಲ್ಲೇ ಬಿಟ್ಟೆ. ಅದರಲ್ಲಿ ತಾಯಿ ಒಲೆಯ ಮುಂದೆ ಇದ್ದಾಳೆ. ಅಸ್ಥಿಪಂಜರವೊಂದು ಅವಳ ಮಗುವಿನ ಕೈಹಿಡಿದು ಹೊರಗೆ ನಡೆಸಿಕೊಂಡು ಹೋಗುತ್ತಿದೆ. ಆ ತರಗತಿಯ ಒಬ್ಬ ಹುಡುಗಿಯ ತಮ್ಮ ಅದೇ ವರ್ಷ ತೀರಿಕೊಂಡಿದ್ದ.

ಹೋಲ್ಬೈನ್ ಹುಟ್ಟಿದ್ದು 1497ರ ಸುಮಾರಿಗೆ, ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ. ತಂದೆ ಚರ್ಚುಗಳಿಗೆ ಚಿತ್ರ ಬರೆಯುತ್ತಿದ್ದವನು. ಮಗ ಇಪ್ಪತ್ತು ತುಂಬುವ ಹೊತ್ತಿಗೆ ಬಾಸೆಲ್ ನಗರ ಸೇರಿ ಮುದ್ರಣಕಾರರಿಗೆ ಚಿತ್ರ ಬರೆದುಕೊಡತೊಡಗಿದ. ಆ ಊರಿನ ಡೊಮಿನಿಕನ್ ಮಠದ ಸ್ಮಶಾನದ ಗೋಡೆಯ ಮೇಲೆ ಹದಿನೈದನೆಯ ಶತಮಾನದ ಚಿತ್ರವೊಂದಿತ್ತು. ಪೋಪನಿಂದ ರೈತನವರೆಗೆ ಎಲ್ಲರನ್ನೂ ಸಾವು ಸಾಲಾಗಿ ಕುಣಿಸಿಕೊಂಡು ಹೋಗುವ ಚಿತ್ರ.

ಹೋಲ್ಬೈನ್ ಆ ಸಾಲನ್ನು ಒಡೆದ. ಅವನ ಚಿತ್ರಗಳಲ್ಲಿ ಸಾವು ಒಬ್ಬೊಬ್ಬರ ಕೆಲಸದ ಜಾಗಕ್ಕೇ ಬರುತ್ತದೆ. ನ್ಯಾಯಾಧೀಶ ಹಣವಂತನ ಕಡೆ ಕೈ ಚಾಚಿರುವಾಗಲೇ ಅವನ ಬೆನ್ನ ಹಿಂದೆ ನಿಂತಿದೆ. ಆದರೆ ಉಳುವ ಮುದುಕನ ಜೊತೆಗೆ ಅದು ಕುದುರೆಗಳನ್ನು ಹೊಡೆಯುತ್ತಾ ಓಡುತ್ತಿದೆ. ಬೆಟ್ಟದಾಚೆ ಸೂರ್ಯ, ಕೆಳಗೆ ಒಂದು ಚರ್ಚು. ಇಲ್ಲಿ ಸಾವು ಶಿಕ್ಷಿಸಲು ಬಂದಂತೆ ನನಗೆ ಕಾಣುವುದಿಲ್ಲ, ಆಳಿನಂತೆ ಬಂದಿದೆ. ಇಷ್ಟೆಲ್ಲ ಇರುವುದು ಸುಮಾರು 6.5 ಸೆಂ.ಮೀ. ಎತ್ತರ, 5 ಸೆಂ.ಮೀ. ಅಗಲದ ಮರದಚ್ಚಿನಲ್ಲಿ. ಗೆರೆಗಳನ್ನು ಮರದಲ್ಲಿ ಕೆತ್ತಿದವನು ಹಾನ್ಸ್ ಲುಟ್ಸೆಲ್‌ಬರ್ಗರ್. ಅವನು 1526ರಲ್ಲಿ ಸತ್ತ. 41 ಚಿತ್ರಗಳ ಪುಸ್ತಕ ಲಿಯೋನ್‌ನಲ್ಲಿ ಹೊರಬಂದದ್ದು 1538ರಲ್ಲಿ. ಹೋಲ್ಬೈನನ ಹೆಸರು ಅದರಲ್ಲಿರಲಿಲ್ಲ.

ಅಷ್ಟರಲ್ಲಿ ಕಾಲ ಬದಲಾಗಿತ್ತು. 1529ರಲ್ಲಿ ಬಾಸೆಲ್‌ನ ಸುಧಾರಣಾವಾದಿಗಳು ಚರ್ಚುಗಳ ಚಿತ್ರ, ಮೂರ್ತಿಗಳನ್ನು ನಾಶಮಾಡಿದರು. ಧಾರ್ಮಿಕ ಚಿತ್ರಕ್ಕೆ ಬೇಡಿಕೆ ಕುಸಿಯಿತು. ಹೋಲ್ಬೈನ್ 1532ರಲ್ಲಿ ಎರಡನೆಯ ಬಾರಿ ಲಂಡನ್ನಿಗೆ ಹೋಗಿ, ಎಂಟನೆಯ ಹೆನ್ರಿಯ ಆಸ್ಥಾನ ಚಿತ್ರಕಾರನಾದ.

ಪಾಠ ಇಲ್ಲಿಗೆ ಬಂದಾಗ ಆ ಹುಡುಗಿಯೇ ಎದ್ದುನಿಂತು, ಚಿಕ್ಕ ಮಕ್ಕಳಿರುವ ಮನೆಗೆ ಸಾವು ಬರುವ ಚಿತ್ರವನ್ನು ಅವನು ಬರೆಯಲಿಲ್ಲವೇ ಎಂದು ಕೇಳಿದಳು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಮ್ಮ ಮೇಲ್ವಿಚಾರಕರು ತಲೆ ಎತ್ತಿದರು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಚೀಲದಿಂದ ಚಿತ್ರ ತೆಗೆದು ಅವಳ ಕೈಗೇ ಕೊಟ್ಟೆ. ಅವಳು ಬಹಳ ಹೊತ್ತು ನೋಡಿದಳು, ಅಳಲಿಲ್ಲ. ಪಕ್ಕದವಳಿಗೆ ದಾಟಿಸಿದಳು.

ಉಳಿದದ್ದನ್ನು ಪಾಠಯೋಜನೆ ನೋಡದೆ ಹೇಳಿದೆ. ಹೋಲ್ಬೈನ್ 1543ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಮರಣಪತ್ರ ಬರೆಸಿದ. ಮುಂದಿನ ತಿಂಗಳು ಮುಗಿಯುವಷ್ಟರಲ್ಲಿ ಅವನಿರಲಿಲ್ಲ. ತನ್ನ ಸಾಮಾನುಗಳನ್ನೂ ಕುದುರೆಯನ್ನೂ ಮಾರಿ ಸಾಲ ತೀರಿಸಬೇಕು, ದಾದಿಯ ಬಳಿ ಬೆಳೆಯುತ್ತಿದ್ದ ಇಬ್ಬರು ಮಕ್ಕಳಿಗೆ ತಿಂಗಳಿಗೆ 7 ಷಿಲಿಂಗ್ 6 ಪೆನ್ಸ್ ಕೊಡಬೇಕು ಎಂದು ಅದರಲ್ಲಿದೆ.

ಆ ಮಕ್ಕಳ ಹೆಸರೇನೆಂದು ಅವಳು ಕೇಳಿದಳು. ಮರಣಪತ್ರದಲ್ಲಿ ಬರೆದಿಲ್ಲ ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು.