ಅಂಗಸಾಧಕ ಕೆ. ವಿ. ಅಯ್ಯರ್

ಕಳೆದ ವರ್ಷ ಬಲಗಾಲು ಮುರಿದು ಎರಡು ತಿಂಗಳು ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದೆನು. ಅದನ್ನು ಬಿಚ್ಚಿದ ದಿನ ನನ್ನ ಕಾಲನ್ನು ನೋಡಿ ನಾನೇ ಹೆದರಿದೆನು. ಮೀನಖಂಡವೆಲ್ಲ ಕರಗಿ ಕಾಲು ಕಡ್ಡಿಯಂತಾಗಿತ್ತು. ಹೋದ ಮಾಂಸ ಮರಳಿ ಬಂದೀತೆ ಎಂದು ಚಿಂತಿಸುತ್ತಿದ್ದಾಗ ಕಾಲೇಜಿನ ಪುಸ್ತಕಭಂಡಾರದಿಂದ ‘ಶಾಂತಲಾ’ ಕಾದಂಬರಿ ಕೈಗೆ ಬಂತು. ನಮ್ಮ ನೆರೆಯ ಬೇಲೂರು ಹಳೇಬೀಡುಗಳನ್ನು ಬೆಳಗಿಸಿದ ಹೊಯ್ಸಳ ವಿಷ್ಣುವರ್ಧನನ ರಾಣಿಯ ಕಥೆ ಅದು. ಬರೆದವರು ಬೆಂಗಳೂರಿನ ವ್ಯಾಯಾಮ ಗುರು ಕೆ. ವಿ. ಅಯ್ಯರ್ ಎಂದು ತಿಳಿದಾಗ, ಅವರ ಜೀವನವನ್ನು ಅರಿಯುವ ಕುತೂಹಲ ಹುಟ್ಟಿತು.

ಕೋಲಾರ ವೆಂಕಟೇಶ ಅಯ್ಯರ್ 1897ರಲ್ಲಿ ಕೋಲಾರ ಜಿಲ್ಲೆಯ ದೇವರಾಯಸಮುದ್ರದಲ್ಲಿ ಜನಿಸಿದರು. ಪಾಶ್ಚಾತ್ಯರ ಭಾರ ಎತ್ತುವ ಸಾಧನೆಯನ್ನೂ ನಮ್ಮವರ ಆಸನ, ಸೂರ್ಯನಮಸ್ಕಾರಗಳನ್ನೂ ಹೊಂದಿಸಿ ತಮ್ಮದೇ ಆದ ಪದ್ಧತಿಯನ್ನು ರೂಪಿಸಿದರು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಗ್ರಂಥವನ್ನು ಹೊರತಂದರು. ದೂರದ ಊರಿನವರಿಗೆ ಅಂಚೆಯ ಮೂಲಕವೇ ವ್ಯಾಯಾಮ ಪಾಠ ಕಳುಹಿಸುತ್ತಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಅಂಗಮರ್ದನ, ವ್ಯಾಯಾಮಗಳಿಂದ ಚಿಕಿತ್ಸೆ ನೀಡಿದವರು ಅವರು. ಬೆಂಗಳೂರಿನ ಅವರ ವ್ಯಾಯಾಮಶಾಲೆ ನಾಡಿನಲ್ಲೆಲ್ಲ ಹೆಸರಾಯಿತು. ನಾಟಕಕಾರ ಟಿ. ಪಿ. ಕೈಲಾಸಂ ಅವರ ಆಪ್ತಮಿತ್ರರಾಗಿದ್ದ ಅಯ್ಯರ್, ‘ರೂಪದರ್ಶಿ’ ಮೊದಲಾದ ಕಾದಂಬರಿಗಳನ್ನೂ ಬರೆದು 1980ರಲ್ಲಿ ತೀರಿಕೊಂಡರು.

ಅವರ ಬಾಳನ್ನು ಓದಿದ ಮೇಲೂ ನನ್ನ ಸಂದೇಹ ಉಳಿದೇ ಇತ್ತು. ವ್ಯಾಯಾಮದಿಂದ ಹೊಸ ಮಾಂಸ ಹುಟ್ಟುವುದೆ? ಜೀವಶಾಸ್ತ್ರ ಬಲ್ಲ ಅಧ್ಯಾಪಕರೊಬ್ಬರನ್ನು ಕೇಳಿದೆನು. ಅವರು ತಾಯಿಯ ಗರ್ಭದಿಂದಲೇ ಆರಂಭಿಸಿದರು.

ಭ್ರೂಣದ ಬೆನ್ನಿನ ಇಕ್ಕೆಲಗಳಲ್ಲಿ ಜೋಡಿಜೋಡಿಯಾಗಿ ಚಿಕ್ಕ ಗಂಟುಗಳು ಮೂಡುತ್ತವೆ. ಅವುಗಳಲ್ಲಿರುವ ಆಕರಕೋಶಗಳಲ್ಲಿ ಕೆಲವು ಬೆನ್ನಿನ ಸ್ನಾಯುಗಳಾಗುತ್ತವೆ. ಕೆಲವು ಕೈಕಾಲುಗಳ ಮೊಳಕೆಗಳಿಗೆ ಸಾಗುತ್ತವೆ. ಅಲ್ಲಿ ಸಂಖ್ಯೆಯಲ್ಲಿ ಹೆಚ್ಚಿ, ಒಂದರೊಡನೊಂದು ಬೆಸೆದು, ಉದ್ದನೆಯ ಎಳೆಗಳಾಗುತ್ತವೆ. ಆದುದರಿಂದಲೇ ಸ್ನಾಯುವಿನ ಒಂದೇ ಎಳೆಯಲ್ಲಿ ಅನೇಕ ಕೋಶಕೇಂದ್ರಗಳಿರುತ್ತವೆ. ಎಳೆಗಳ ಎಣಿಕೆ ಹುಟ್ಟುವ ವೇಳೆಗೆ ಬಹುಮಟ್ಟಿಗೆ ಗೊತ್ತಾಗಿಬಿಟ್ಟಿರುತ್ತದೆ. ಕೆಲಸವಿಲ್ಲದಿದ್ದರೆ ಅವು ತೆಳುವಾಗುತ್ತವೆ, ವ್ಯಾಯಾಮದಿಂದ ದಪ್ಪವಾಗುತ್ತವೆ.

ಆದರೆ ಆಕರಕೋಶಗಳೆಲ್ಲವೂ ಹೀಗೆ ಮುಗಿದುಹೋಗುವುದಿಲ್ಲ. ಕೆಲವು ಎಳೆಗಳ ಮಗ್ಗುಲಿಗೆ ಅಂಟಿಕೊಂಡು ನಿದ್ರಿಸುತ್ತಿರುತ್ತವೆ. 1961ರಲ್ಲಿ ಅಲೆಕ್ಸಾಂಡರ್ ಮೌರೊ ಎಂಬ ವಿಜ್ಞಾನಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಪ್ಪೆಯ ಸ್ನಾಯುವಿನಲ್ಲಿ ಇವನ್ನು ಗುರುತಿಸಿದರು. ಸ್ನಾಯುವಿಗೆ ಪೆಟ್ಟಾದಾಗ, ಕಠಿಣ ದುಡಿಮೆ ಬಿದ್ದಾಗ ಇವು ಎಚ್ಚೆತ್ತು, ವಿಭಜನೆ ಹೊಂದಿ, ಎಳೆಗಳೊಡನೆ ಬೆಸೆದು ಅವನ್ನು ಸರಿಪಡಿಸುತ್ತವೆ. ಹುಟ್ಟುವ ಮೊದಲು ಗರ್ಭದಲ್ಲಿ ನಡೆದ ಕೆಲಸವೇ ಸಣ್ಣ ಪ್ರಮಾಣದಲ್ಲಿ ಮತ್ತೆ ನಡೆಯುತ್ತದೆ.

ಅಯ್ಯರ್ ಅವರ ಗ್ರಂಥ ಬಂದದ್ದು ಈ ಶೋಧಕ್ಕೆ 31 ವರ್ಷ ಮೊದಲು. ನಿದ್ರಿಸುವ ಈ ಕೋಶಗಳ ಸುದ್ದಿ ಆಗ ಯಾರಿಗೂ ಇರಲಿಲ್ಲ. ಆದರೂ ದಿನವೂ ತಪ್ಪದೆ, ಅಳತೆ ಮೀರದೆ ದುಡಿಸಿದ ದೇಹ ಹೇಗೆ ಬೆಳೆಯುವುದೆಂಬುದನ್ನು ಅವರು ತಮ್ಮ ಮೈಯಲ್ಲಿಯೇ ತೋರಿಸಿದ್ದರು. ಹುಟ್ಟಿನಿಂದ ಬಂದದ್ದನ್ನು ಬದಲಿಸಲಾರೆವು. ಬಂದದ್ದನ್ನು ದುಡಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಅವರ ಜೀವನದಿಂದ ನಾನು ಕಲಿತದ್ದು ಇಷ್ಟೆ.

ಅಂದಿನಿಂದ ದಿನವೂ ಬೆಳಗ್ಗೆ ನಿಧಾನವಾಗಿ ಕಾಲನ್ನು ಪಳಗಿಸತೊಡಗಿದೆನು. ಮೊನ್ನೆ ಗೆಳೆಯರೊಡನೆ ಮಾಲೇಕಲ್ ತಿರುಪತಿ ಬೆಟ್ಟದ ಮೆಟ್ಟಿಲುಗಳನ್ನು ಅರ್ಧದವರೆಗೆ ಹತ್ತಿ ಇಳಿದೆನು. ಉಳಿದರ್ಧ ಮುಂದಿನ ವರ್ಷಕ್ಕಿರಲಿ.