ದುಡಿಯುತ್ತ ಕಲಿತ ಮೇಡಂ ವಾಕರ್

ನಮ್ಮ ಮನೆ ಅಘನಾಶಿನಿ ನದಿಯು ಕಡಲನ್ನು ಸೇರುವ ಅಳಿವೆಯ ದಂಡೆಯಲ್ಲಿದೆ. ನೀರು ಇಳಿದಾಗ ಹೆಂಗಸರು ಬುಟ್ಟಿ ಹಿಡಿದು ಬಳಚು ಆರಿಸಲು ಹೋಗುತ್ತಾರೆ. ಉಬ್ಬರ ಬರುವುದರೊಳಗೆ ಬುಟ್ಟಿ ತುಂಬಬೇಕು. ನನ್ನ ತಾಯಿಯೂ ಅವರಲ್ಲೊಬ್ಬಳು. ಅಕ್ಕ ಕುಮಟೆಯ ಪೇಟೆಯಲ್ಲಿ ಚಿಕ್ಕದೊಂದು ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಕಾಲೇಜು ಬಿಟ್ಟ ಮೇಲೆ ಸಂಜೆಯವರೆಗೆ ನಾನೂ ಅಲ್ಲಿಯೇ ಇರುತ್ತೇನೆ.

ಕಳೆದ ವರ್ಷ ಒಬ್ಬ ಗಿರಾಕಿಯ ಕೂದಲಿಗೆ ಕಪ್ಪು ಬಣ್ಣ ಹಚ್ಚಿದ ಮರುದಿನ ಆಕೆಯ ಹಣೆಯೂ ಕಣ್ಣರೆಪ್ಪೆಗಳೂ ಊದಿಕೊಂಡವು. ಬಣ್ಣದಲ್ಲಿರುವ ರಾಸಾಯನಿಕವು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲವೆಂದೂ, ಎರಡು ದಿನ ಮುಂಚೆ ಕಿವಿಯ ಹಿಂದೆ ಒಂದು ಬೊಟ್ಟು ಹಚ್ಚಿ ಪರೀಕ್ಷಿಸಬೇಕೆಂದೂ ಅಕ್ಕನಿಗೆ ಯಾರೂ ಕಲಿಸಿರಲಿಲ್ಲ. ಇನ್ನಷ್ಟು ಕಲಿಯಬೇಕೆಂಬ ಆಸೆ ಅವಳಿಗಿದೆ. ಆದರೆ ತಿಂಗಳುಗಟ್ಟಲೆ ಅಂಗಡಿ ಮುಚ್ಚಿ ದೂರದ ಊರಿಗೆ ಹೋದರೆ ಬಾಡಿಗೆ ಕಟ್ಟುವವರು ಯಾರು? ಕಲಿಯಲು ವೇಳೆಯೆಲ್ಲಿದೆ? ಈ ಪ್ರಶ್ನೆ ನನ್ನ ಮನಸ್ಸನ್ನು ಕೊರೆಯುತ್ತಿದ್ದಾಗಲೇ ಅಮೇರಿಕದ ಮೇಡಂ ಸಿ. ಜೆ. ವಾಕರ್ ಎಂಬಾಕೆಯ ಜೀವನ ಚರಿತ್ರೆಯನ್ನು ಓದಿದೆನು. ಅದನ್ನು ನನ್ನ ಸಹಪಾಠಿಗಳ ಮುಂದಿಡಬೇಕೆಂದು ಈ ಲೇಖನ.

ಈಕೆಯ ಮೊದಲ ಹೆಸರು ಸಾರಾ ಬ್ರೀಡ್ಲವ್. 1867ನೆಯ ಇಸವಿ ಡಿಸೆಂಬರ್ 23ರಂದು ಲೂಯಿಸಿಯಾನಾ ಸಂಸ್ಥಾನದ ಡೆಲ್ಟಾ ಎಂಬ ಊರಿನ ಹತ್ತಿರ ಹುಟ್ಟಿದಳು. ತಂದೆತಾಯಿಗಳು ಹತ್ತಿಯ ತೋಟವೊಂದರಲ್ಲಿ ಗುಲಾಮರಾಗಿದ್ದವರು. ಆ ಮನೆಯಲ್ಲಿ ಸ್ವತಂತ್ರಳಾಗಿ ಹುಟ್ಟಿದ ಮೊದಲ ಮಗು ಸಾರಾ. ಆದರೆ ಆ ಸ್ವಾತಂತ್ರ್ಯದ ಜೊತೆಗೆ ಅನ್ನವಾಗಲಿ ಶಾಲೆಯಾಗಲಿ ಬರಲಿಲ್ಲ. ಏಳನೆಯ ವಯಸ್ಸಿನಲ್ಲಿ ಅನಾಥೆಯಾದಳು, ಹದಿನಾಲ್ಕರಲ್ಲಿ ಮದುವೆ, ಇಪ್ಪತ್ತರಲ್ಲಿ ವಿಧವೆ. ಕಂಕುಳಲ್ಲಿ ಲೀಲಿಯಾ ಎಂಬ ಎರಡು ವರ್ಷದ ಹೆಣ್ಣುಮಗು.

ಅಣ್ಣಂದಿರು ಸೇಂಟ್ ಲೂಯಿಸ್ ಪಟ್ಟಣದಲ್ಲಿ ಕ್ಷೌರಿಕರಾಗಿದ್ದರು. ಸಾರಾ ಅಲ್ಲಿಗೆ ಹೋಗಿ ಪರರ ಬಟ್ಟೆ ಒಗೆಯುವ ಕೆಲಸಕ್ಕೆ ನಿಂತಳು. ದಿನವಿಡೀ ಬಿಸಿನೀರು, ಸಾಬೂನು, ಇಸ್ತ್ರಿಗಳ ನಡುವೆ ದುಡಿದರೂ ಕೈಗೆ ಬರುತ್ತಿದ್ದುದು ಒಂದೂವರೆ ಡಾಲರಿನೊಳಗೆ. ಅದರಲ್ಲಿಯೇ ಉಳಿಸಿ ಮಗಳನ್ನು ಓದಿಸಿದಳು. ಮುಂದೆ ಟೆನೆಸಿಯ ನಾಕ್ಸ್‌ವಿಲ್ ಕಾಲೇಜಿಗೂ ಕಳಿಸಿದಳು. ನನ್ನನ್ನು ಬೆರಗುಗೊಳಿಸಿದ ಸಂಗತಿ ಇನ್ನೊಂದಿದೆ. ಸಾಧ್ಯವಾದಾಗಲೆಲ್ಲ ತಾನೂ ರಾತ್ರಿ ಶಾಲೆಗೆ ಹೋಗುತ್ತಿದ್ದಳು. ಒಗೆತದಿಂದ ಬೆರಳು ಸುಕ್ಕಿದ ಕೈಯಲ್ಲಿ ಲೇಖನಿ ಹಿಡಿಯುವುದು ಎಷ್ಟು ಕಷ್ಟವೆಂಬುದನ್ನು ದುಡಿಯುವ ಮನೆಯ ಮಕ್ಕಳು ಮಾತ್ರ ಬಲ್ಲರು.

ಆ ದಿನಗಳಲ್ಲಿ ಆಕೆಯ ಕೂದಲು ಉದುರತೊಡಗಿತು. ಬಡವರ ಮನೆಗಳಲ್ಲಿ ನಳದ ನೀರಿಲ್ಲದೆ ತಲೆ ತೊಳೆಯುವುದೇ ಅಪರೂಪವಾಗಿದ್ದುದರಿಂದ ನೆತ್ತಿಯ ರೋಗಗಳು ಸಾಮಾನ್ಯವಾಗಿದ್ದವು. ರಸಾಯನಶಾಸ್ತ್ರದಲ್ಲಿ ಆಸಕ್ತಿಯಿದ್ದ ಆ್ಯನಿ ಟರ್ನ್‌ಬೊ ಎಂಬ ಕಪ್ಪು ಮಹಿಳೆಯು ಕೂದಲಿನ ಔಷಧವನ್ನು ಮಾಡಿ ಮಾರುತ್ತಿದ್ದಳು. ಸಾರಾ ಆಕೆಯ ಪ್ರತಿನಿಧಿಯಾಗಿ ಮನೆಮನೆ ತಿರುಗಿ ಕಸುಬಿನ ಮೊದಲ ಪಾಠ ಕಲಿತಳು. ಮುಂದೆ ಇಬ್ಬರೂ ಪ್ರತಿಸ್ಪರ್ಧಿಗಳಾದರು. 1905ರಲ್ಲಿ ಡೆನ್ವರ್ ಪಟ್ಟಣಕ್ಕೆ ಹೋದ ಸಾರಾ ಅಡಿಗೆ ಕೆಲಸ ಮಾಡುತ್ತ, ಗಂಧಕ ಬೆರೆತ ತನ್ನದೇ ಲೇಪವನ್ನು ಸಿದ್ಧಪಡಿಸಿದಳು. 1906ರಲ್ಲಿ ಚಾರ್ಲ್ಸ್ ಜೋಸೆಫ್ ವಾಕರನನ್ನು ಮದುವೆಯಾಗಿ, ಆ ಹೆಸರಿನಿಂದಲೇ ವ್ಯಾಪಾರ ಹೂಡಿದಳು. ಕಾಯಿಸಿದ ಬಾಚಣಿಗೆಯನ್ನು ಈಕೆ ಕಂಡುಹಿಡಿದಳೆಂದು ಕೆಲವರು ಹೇಳುವುದುಂಟು. ಅದು ನಿಜವಲ್ಲ, ಆ ಬಾಚಣಿಗೆ ಮೊದಲೇ ಬಳಕೆಯಲ್ಲಿತ್ತು. ಬಿಳಿಯರ ಅನುಕರಣೆಗೆ ಹಾದಿ ಮಾಡಿಕೊಟ್ಟಳೆಂದು ಆಕ್ಷೇಪಿಸಿದವರೂ ಇದ್ದರು. ಕೂದಲು ನೀಳ ಮಾಡುವುದಲ್ಲ, ನೆತ್ತಿಯನ್ನು ಶುಚಿಯಾಗಿಟ್ಟು ಕೂದಲನ್ನು ಬೆಳೆಸುವುದೇ ತನ್ನ ಕೆಲಸವೆಂದು ಆಕೆ ಸಾಧಿಸುತ್ತಿದ್ದಳು.

ವ್ಯಾಪಾರ ಬೆಳೆದಂತೆ ಆಕೆ ಮಾಡಿದ ಮುಖ್ಯ ಕಾರ್ಯವೆಂದರೆ ಶಾಲೆ ತೆರೆದದ್ದು. 1908ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಮಗಳ ಹೆಸರಿನಿಂದ ಲೀಲಿಯಾ ಕಾಲೇಜು ಪ್ರಾರಂಭವಾಯಿತು. ದೂರದವರಿಗಾಗಿ 25 ಡಾಲರ್ ಶುಲ್ಕದ ಅಂಚೆಯ ಪಾಠಕ್ರಮವನ್ನು ಏರ್ಪಡಿಸಿದಳು. ಊರು ಬಿಡಲಾರದ, ಕೆಲಸ ಬಿಡಲಾರದ ಹೆಂಗಸು ಮನೆಯಲ್ಲಿದ್ದುಕೊಂಡೇ ಕಲಿಯಬಹುದಾಯಿತು. ರಾತ್ರಿ ಶಾಲೆಯ ಬೆಂಚಿನಲ್ಲಿ ಕುಳಿತವಳಿಗೆ ಆ ಕಷ್ಟ ತಿಳಿದಿತ್ತು. 1910ರಲ್ಲಿ ಇಂಡಿಯಾನಾಪೊಲಿಸ್ ಪಟ್ಟಣಕ್ಕೆ ಬಂದು ಕಾರ್ಖಾನೆಯನ್ನೂ ಅದಕ್ಕೆ ಸೇರಿದಂತೆ ಶಾಲೆಯನ್ನೂ ಸ್ಥಾಪಿಸಿದಳು.

ಇಷ್ಟೆಲ್ಲ ಆದ ಮೇಲೂ ಆಕೆ ವಿದ್ಯಾರ್ಥಿನಿಯಾಗಿಯೇ ಉಳಿದಳು. ತನ್ನ ಬರವಣಿಗೆಯಲ್ಲಿ, ಮಾತಿನಲ್ಲಿ ಕೊರತೆಯಿದೆಯೆಂದು ಅವಳಿಗೆ ಗೊತ್ತಿತ್ತು. ಕೆಂಟಕಿಯಲ್ಲಿ ಅಧ್ಯಾಪಿಕೆಯಾಗಿದ್ದ ಆ್ಯಲಿಸ್ ಕೆಲಿ ಎಂಬವಳನ್ನು ಕಾರ್ಖಾನೆಯ ಮೇಲ್ವಿಚಾರಣೆಗೆ ನೇಮಿಸಿಕೊಂಡು, ಅವಳಿಂದಲೇ ಅಕ್ಷರವನ್ನೂ ಸಭಾಮರ್ಯಾದೆಯನ್ನೂ ಹೇಳಿಸಿಕೊಂಡಳು. ಸಾವಿರಾರು ಜನರಿಗೆ ಒಡತಿಯಾದವಳು ತನ್ನ ಸಂಬಳದಾಕೆಯ ಮುಂದೆ ಶಿಷ್ಯೆಯಾಗಿ ಕುಳಿತುಕೊಳ್ಳಬೇಕಾದರೆ ಎಷ್ಟು ವಿನಯ ಬೇಕು! ಆ ಅಭ್ಯಾಸ ವ್ಯರ್ಥವಾಗಲಿಲ್ಲ. 1912ರಲ್ಲಿ ಷಿಕಾಗೋದಲ್ಲಿ ಕಪ್ಪು ವ್ಯಾಪಾರಿಗಳ ಮಹಾಸಭೆ ಸೇರಿದಾಗ ಅಧ್ಯಕ್ಷರಾದ ಬೂಕರ್ ಟಿ. ವಾಷಿಂಗ್ಟನ್ ಆಕೆಗೆ ಮಾತಿಗೆ ಅವಕಾಶ ಕೊಡಲಿಲ್ಲ. ಆಕೆ ತಾನಾಗಿಯೇ ಎದ್ದುನಿಂತು, ಒಗೆತದ ತೊಟ್ಟಿಯಿಂದ ತಾನು ಬಂದ ದಾರಿಯನ್ನು ಸಭೆಗೆ ತಿಳಿಸಿದಳು. ಮರುವರ್ಷ ಅವರೇ ಆಕೆಯನ್ನು ವೇದಿಕೆಗೆ ಕರೆದರು.

1917ರಲ್ಲಿ ಫಿಲಡೆಲ್ಫಿಯದಲ್ಲಿ ತನ್ನ ಪ್ರತಿನಿಧಿಗಳ ಸಮ್ಮೇಳನ ಕರೆದಾಗ 200ಕ್ಕೂ ಹೆಚ್ಚು ಹೆಂಗಸರು ನೆರೆದರು. ಹೆಚ್ಚು ಮಾರಿದವರಿಗೂ ಹೆಚ್ಚು ದಾನ ಮಾಡಿದವರಿಗೂ ಬಹುಮಾನ ದೊರೆಯಿತು. ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುತ್ತಿದ್ದ ಅನಾಚಾರದ ವಿರುದ್ಧ ಅದೇ ವರ್ಷ ಆಕೆ ಇತರ ಮುಖಂಡರೊಡನೆ ಶ್ವೇತಭವನದವರೆಗೂ ಹೋದಳು. ಆ ಹೋರಾಟಕ್ಕೆ ಮುಂದೆ 5,000 ಡಾಲರ್ ಕೊಡಮಾಡಿದಳು.

ಒಂದು ಕಲಿಕೆಗೆ ಮಾತ್ರ ಆಕೆ ವೇಳೆ ಕೊಡಲಿಲ್ಲ, ಅದು ವಿಶ್ರಾಂತಿ. ರಕ್ತದೊತ್ತಡವಿದೆ, ದುಡಿಮೆ ತಗ್ಗಿಸಬೇಕು ಎಂದು ವೈದ್ಯರು ಎಚ್ಚರಿಸಿದರೂ ಊರೂರು ತಿರುಗುವುದನ್ನು ಬಿಡಲಿಲ್ಲ. 1919ರ ಮೇ 25ರಂದು, 51ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನ ಹತ್ತಿರದ ತನ್ನ ಭವನದಲ್ಲಿ ತೀರಿಕೊಂಡಳು.

ಇಂದು ಅಮೇರಿಕದ ಕೆಲವು ಸಂಸ್ಥಾನಗಳಲ್ಲಿ ಈ ಕಸುಬಿನವರು ಪರವಾನಗಿಯನ್ನು ನವೀಕರಿಸಬೇಕಾದರೆ ಗೊತ್ತಾದಷ್ಟು ಗಂಟೆ ಮತ್ತೆ ಪಾಠಕ್ಕೆ ಕೂರಲೇಬೇಕು. ನಮ್ಮಲ್ಲಿ ಅಂಥ ಕಟ್ಟಳೆಯಿಲ್ಲ, ಮನಸ್ಸೇ ಕಟ್ಟಳೆಯಾಗಬೇಕು. ಮೇಡಂ ವಾಕರಳ ಚರಿತ್ರೆಯನ್ನು ಓದಿದ ಮೇಲೆ ನನಗೆ ಹೊಳೆದದ್ದಿಷ್ಟು. ಬಿಡುವು ತಾನಾಗಿ ಬರುವುದೆಂದು ಕಾದು ಕೂತವರಿಗೆ ಅದು ಬರುವುದೇ ಇಲ್ಲ. ನನ್ನ ತಾಯಿ ಇಳಿತದ ನಾಲ್ಕು ತಾಸು ನೋಡಿ ನೀರಿಗಿಳಿಯುವಂತೆ, ಇರುವ ದಿನದಲ್ಲಿಯೇ ಒಂದು ತುಂಡನ್ನು ಕಲಿಕೆಗೆಂದು ಹಿಡಿಯಬೇಕು.

ಈ ಕಥೆಯನ್ನು ಒಂದು ರಾತ್ರಿ ಅಕ್ಕನಿಗೆ ಹೇಳಿದೆನು. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಮಂಗಳವಾರ ಕೂದಲು ಕತ್ತರಿಸಬಾರದೆಂಬ ನಂಬಿಕೆಯಿಂದ ಅಂದು ನಮ್ಮಲ್ಲಿಗೆ ಗಿರಾಕಿಗಳು ಬರುವುದು ಕಡಿಮೆ. ಈಗ ಪ್ರತಿ ಮಂಗಳವಾರ ಅಕ್ಕ ಅಂಗಡಿಗೆ ಬೀಗ ಹಾಕಿ ಬೆಳಗಿನ ಬಸ್ಸಿನಲ್ಲಿ ಹೊನ್ನಾವರಕ್ಕೆ ಹೋಗುತ್ತಾಳೆ. ಈ ಕಸುಬಿನಲ್ಲಿ ನುರಿತ ಹಿರಿಯರೊಬ್ಬರು ಅಲ್ಲಿ ಅವಳಿಗೆ ಪಾಠ ಹೇಳುತ್ತಾರೆ. ಸಂಜೆ ಮರಳಿದವಳು ಅಂದು ಕಲಿತದ್ದನ್ನು ವಹಿಯಲ್ಲಿ ಬರೆದಿಡುತ್ತಾಳೆ. ಆ ವಹಿಯ ಮೊದಲ ಪುಟದಲ್ಲಿ, ಬಣ್ಣ ಹಚ್ಚುವ ಮೊದಲು ಮಾಡಬೇಕಾದ ಪರೀಕ್ಷೆಯ ವಿವರವಿದೆ.